ಪಿಸುಮಾತಿಗೂ ಬ್ಯಾಂಡಿಗೂ ಒಂದೇ ಸದ್ದು

ಶಿರ್ವ
ಶನಿವಾರ, ೧೪ ಫೆಬ್ರವರಿ ೨೦೨೬

ಪ್ರೀತಿಯ ಜೋವಿನ್ ಪುತಾ,

ನೀನು, ವನೆಸ್ಸಾ, ಮಗು ಮೂವರೂ ಸೌಖ್ಯವೆಂದು ನಂಬಿದ್ದೇನೆ. ನಂಬಿದ್ದೇನೆ ಎಂದೇ ಬರೆಯಬೇಕು, ಯಾಕೆಂದರೆ ಫೋನಿನಲ್ಲಿ ಕೇಳಿದರೆ ನಿನ್ನದು ಒಂದೇ ಉತ್ತರ: "ಫಸ್ಟ್ ಕ್ಲಾಸ್ ಮಮ್ಮಿ, ಫಸ್ಟ್ ಕ್ಲಾಸ್!" ಅದೂ ದೋಹಾದಿಂದ ಫೋನಿಲ್ಲದೆಯೇ ಶಿರ್ವಕ್ಕೆ ಕೇಳುವ ಹಾಗೆ. ವನೆಸ್ಸಾಳ ಬೆನ್ನುನೋವು ಹೇಗುಂಟು? ತೆಂಗಿನೆಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ತಿಕ್ಕಲು ಹೇಳು. ಮಗುವನ್ನು ಜೂನಿನಲ್ಲಿ ಮಣಿಪಾಲದ ಶಾಲೆಗೆ ಸೇರಿಸುವ ಯೋಚನೆ ಉಂಟೆಂದು ಅವಳ ತವರಿನವರು ಅಲೆವೂರಿನಿಂದ ಹೇಳಿಕಳುಹಿಸಿದರು. ಒಳ್ಳೆಯದೇ, ಆದರೆ ಅದನ್ನು ನನಗೆ ನೀನು ಹೇಳಬೇಕಿತ್ತು. ಇಲ್ಲಿ ನಾನು ಮೊಣಕಾಲು ಒಂದು ಬಿಟ್ಟು ಚೆನ್ನಾಗಿದ್ದೇನೆ. ನಿನ್ನ ತಂಗಿ ಲೊರ್ನಾ ಕಳೆದ ವಾರ ಗಂಡನ ಜೊತೆ ಕಾರ್ಕಳದಿಂದ ಬಂದು ಹೋದಳು, ಮದುಮಗಳ ಕಳೆ ಇನ್ನೂ ಇಳಿದಿಲ್ಲ. ನಿನ್ನ ಅಜ್ಜಿ ಎರಡು ಹೊತ್ತು ಗಂಜಿ ಉಣ್ಣುತ್ತಾರೆ. ಅವರ ಮನಸ್ಸಿನ ಆರೋಗ್ಯದ ಬಗ್ಗೆ ಮುಂದೆ ಬರೆಯುತ್ತೇನೆ. ಆರೋಗ್ಯ ವಿಚಾರಿಸಿ ಆಯಿತು. ಈಗ ಬೈಯುತ್ತೇನೆ.

ಫೋನಿನಲ್ಲೇ ಬೈಯಬಹುದಿತ್ತು ಎನ್ನಬೇಡ. ನೀನು ಫೋನನ್ನು ಕಿವಿಗೆ ಹಿಡಿದು ಮಾತಾಡಿದ್ದನ್ನು ನಾನು ಕಂಡದ್ದೇ ಇಲ್ಲ. ಯಾವಾಗ ನೋಡಿದರೂ ಸ್ಪೀಕರ್. ನಾನು ಬಾಯಿ ತೆರೆದರೆ ನಿನ್ನ ಅಡುಗೆಮನೆ, ನಿನ್ನ ಕಾರು, ಕಾರಿನಲ್ಲಿ ಕುಳಿತ ಯಾರ್ಯಾರೋ, ಎಲ್ಲರೂ ಕೇಳಿಸಿಕೊಳ್ಳುತ್ತಾರೆ. ನಿನ್ನ ದೋಹಾದ ಗೆಳೆಯ ಡೆನ್ವರನ ರಜೆ ಮುಗಿಯಿತು, ನಾಳೆ ಹೊರಡುತ್ತಾನೆ. ಅವನ ಕೈಯಲ್ಲಿ ಬಫಾತಿನ ಮಸಾಲೆ ಹುಡಿ, ಹಲಸಿನ ಹಪ್ಪಳ, ಮತ್ತೆ ಈ ಕಾಗದ. ಕೊಂಕಣಿಯಲ್ಲಿ ಬರೆಯಲು ಕುಳಿತರೆ ನಾಲ್ಕು ಸಾಲಿಗೇ "ಪುತಾ, ಬಾಳಾ" ಎಂದು ಕರಗಿಬಿಡುತ್ತೇನೆ. ಅದಕ್ಕೇ ಕನ್ನಡ. ಇಷ್ಟು ವರ್ಷ ಶಾಲೆಯಲ್ಲಿ ಊರ ಮಕ್ಕಳನ್ನೆಲ್ಲ ಕನ್ನಡದಲ್ಲೇ ಬೈದವಳು, ನನಗೆ ಬೈಗುಳ ನೆಟ್ಟಗೆ ಬರುವುದು ಆ ಭಾಷೆಯಲ್ಲೇ. ಇನ್ನೊಂದು, ಬರುವ ಬುಧವಾರ ಬೂದಿ ಬುಧವಾರ. ತಪಸ್ಸಿನ ಕಾಲದಲ್ಲಿ ಸಿಟ್ಟು ಮಾಡಬಾರದು. ಇದ್ದ ಸಿಟ್ಟನ್ನೆಲ್ಲ ಅದಕ್ಕೆ ಮೊದಲೇ ಮುಗಿಸಿಬಿಡುತ್ತೇನೆ.

ನಿನ್ನ ಡ್ಯಾಡಿಯ ಕ್ಯಾಸೆಟ್ಟುಗಳನ್ನು ನೀನು ಎಂತ ಮಾಡಿ ಇಟ್ಟೆ ಮಾರಾಯ! ಡಿಸೆಂಬರಿನಲ್ಲಿ ರಜೆಗೆ ಬಂದವನು "ಮಮ್ಮಿ, ಟೇಪಿಗೆ ಬೂಷ್ಟು ಹಿಡಿದಿದೆ, ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ ಉಳಿಸುತ್ತೇನೆ" ಎಂದೆ. ಒಳ್ಳೆಯ ಮಾತು. ಸೌಂಡಿನ ಅಲೆಕ್ಸನ ಕಾಪುವಿನ ಅಂಗಡಿಯಿಂದ ಹಳೆಯ ಟೇಪ್ ಡೆಕ್ ತಂದು ಹಾಲಿನಲ್ಲಿ ವೈರುಗಳ ಜೇಡರಬಲೆ ಕಟ್ಟಿದೆ. ಅದೂ ಆಯಿತು. ನಾನು ಆ ಹೊತ್ತಿಗೇ ಏನು ಹೇಳಿದ್ದೆ? "ಇದ್ದ ಹಾಗೆ ಇಳಿಸು, ರಿಪೇರಿ ಮಾಡಲು ಹೋಗಬೇಡ" ಎಂದಿದ್ದೆ. "ಆಯ್ತು ಆಯ್ತು" ಎಂದಿದ್ದೆ ನೀನು. ನಿನ್ನ ಆಯ್ತು ಆಯ್ತುವಿಗೆ ಬೆಂಕಿ ಬೀಳಲಿ! ಒಂದು ಹಾಡು ಜೋರು, ಒಂದು ಮೆತ್ತಗೆ, ಕಾರಿನಲ್ಲಿ ಪ್ರತಿ ಸಲ ಗುಂಡಿ ತಿರುಗಿಸಬೇಕು, ಅದಕ್ಕೇ ಎಲ್ಲದರ ಸದ್ದನ್ನೂ ಒಂದೇ ಮಟ್ಟಕ್ಕೆ ತಂದೆ ಎಂದು ಆಮೇಲೆ ಬಂದು ಬೀಗಿದೆ. ಇದಕ್ಕೆ ಎರಡು ದಾರಿ ಉಂಟೆಂದು ನೀನೇ ವಿವರಿಸಿದೆ. ಒಂದರಲ್ಲಿ ಹಾಡನ್ನು ಮುಟ್ಟದೆ, ಇದನ್ನು ಇಷ್ಟು ಏರಿಸಿ ನುಡಿಸು ಎಂದು ಹಾಡಿಗೊಂದು ಗುರುತು ಮಾತ್ರ ಹಾಕುವುದು. ಇನ್ನೊಂದರಲ್ಲಿ ಹಾಡನ್ನೇ ಬದಲಿಸಿ ಬರೆಯುವುದು. ಕಾರಿಗೆ ಗುರುತು ಓದಲು ಬರುವುದಿಲ್ಲ ಎಂದು ನೀನು ಎರಡನೆಯದನ್ನು ಹಿಡಿದೆ. ಒಂದು ಕಾರಿಗೆ ಓದಲು ಬರುವುದಿಲ್ಲ ಎಂದು ಸತ್ತ ಮನುಷ್ಯನ ದನಿಯನ್ನು ತಿದ್ದುತ್ತಾರಾ? ಮತ್ತೆ ಆ ಕ್ಯಾಸೆಟ್ಟುಗಳು! ಲೊರ್ನಾಳ ಮದುವೆಗೆಂದು ಮನೆಗೆ ಬಣ್ಣ ಬಳಿಸುವಾಗ, ನಾನು ಇಗರ್ಜಿಗೆ ಹೋಗಿ ಬರುವಷ್ಟರಲ್ಲಿ, ತುಕ್ಕು ಹಿಡಿದ ಫ್ಯಾನಿನ ಜೊತೆ ಗೋಣಿಯಲ್ಲಿ ತುಂಬಿಸಿ ಗುಜರಿಯವನಿಗೆ ಕೊಟ್ಟಾಗಿತ್ತು. "ಎಲ್ಲ ಪೆನ್ ಡ್ರೈವಿನಲ್ಲಿ ಉಂಟು ಮಮ್ಮಿ" ಎಂದು ಹೆಬ್ಬೆರಳು ಎತ್ತಿ ತೋರಿಸಿದೆ.

ಆ ಕ್ಯಾಸೆಟ್ಟುಗಳಲ್ಲಿ ಏನಿತ್ತೆಂದು ನಿನಗೆ ಗೊತ್ತಿಲ್ಲ. ಹಾಡು ಎಂದುಕೊಂಡೆ ನೀನು. ಆಗ ನೀನು ನನ್ನ ಸೊಂಟದ ಮೇಲಿದ್ದ ಕೂಸು. ನಿನ್ನ ಡ್ಯಾಡಿ ಗಲ್ಫಿಗೆ ಹೋದ ಹೊಸತು, ಮನೆಯಲ್ಲಿ ಫೋನಿಲ್ಲ. ಊರಿಗೆ ಬರುವವರ ಕೈಯಲ್ಲಿ ಮಾತಾಡಿ ತುಂಬಿಸಿದ ಕ್ಯಾಸೆಟ್ಟು ಕಳುಹಿಸುತ್ತಿದ್ದರು. ಬಂದ ದಿನ ಇಡೀ ವಾಡೆಯೇ, ಸುತ್ತಿನ ಇಗರ್ಜಿ ಮನೆಗಳವರೆಲ್ಲ, ನಮ್ಮ ಹಾಲಿನಲ್ಲಿ. ದೇವರ ಪೀಠದ ಕೆಳಗಿನ ಮೇಜಿನ ಮೇಲೆ ಟೇಪ್ ರೆಕಾರ್ಡರ್, ಅದರ ಎದುರಿಗೆ ಕುರ್ಚಿಯಲ್ಲಿ ಮಾಂಯ್, ನಿನ್ನ ಅಜ್ಜಿ. ಟೇಪಿನಲ್ಲಿ ಡ್ಯಾಡಿಯದು ಮೊದಲು ಅವರಿಗೆ ನಮಸ್ಕಾರ, ಆಮೇಲೆ ವಾಡೆಯ ಮುಖಂಡ ಗುರ್ಕಾರ್ ಕಜೆಟನರಿಗೆ, ಆಮೇಲೆ ದನ ಕರು ಹಾಕಿತಾ ಎಂದು ವಿಚಾರಣೆ. "ನನಗೆ ಇಲ್ಲಿ ಸ್ಟೋರ್ ಕೀಪರ್ ಕೆಲಸ ಮಾಂಯ್, ಇಡೀ ದಿನ ಎಸಿ, ಚಳಿಗೆ ಸ್ವೆಟರ್ ಹಾಕಬೇಕಾಗುತ್ತದೆ" ಎಂದು ಘಂಟಾಘೋಷ. ಮಾಂಯ್ ಸುತ್ತಲೂ ಒಮ್ಮೆ ನೋಡುತ್ತಿದ್ದರು, ಎಲ್ಲರಿಗೂ ಕೇಳಿಸಿತಾ ಎಂದು. ಮಾತು ಮುಗಿದ ಮೇಲೆ ಉಳಿದ ಟೇಪು ಹಾಳಾಗಬಾರದೆಂದು ಹಾಡುಗಳು. ಅಷ್ಟು ಹೊತ್ತಿಗೆ ಜನ ಕಾಫಿ ಕುಡಿದು ಏಳುತ್ತಿದ್ದರು.

ಆ ಹಾಡುಗಳ ನಡುವೆ ಅವರು ನನಗೆ ಮಾತಾಡುತ್ತಿದ್ದರು ಪುತಾ. ಗಲ್ಫಿನ ಕೋಣೆಯಲ್ಲಿ ಮಲಗಿದ ಉಳಿದವರಿಗೆ ಕೇಳದ ಹಾಗೆ, ಮೈಕಿನಿಂದ ದೂರವಾಗಿ, ಉಸಿರಿನಲ್ಲಿ. ಹಾಲಿನಲ್ಲಿ ಕುಳಿತವರಿಗೆ ಅದು ಬರೀ ಸುಂಯ್ ಎನ್ನುವ ಖಾಲಿ ಟೇಪು. ಯಾರಾದರೂ ಅನುಮಾನದಿಂದ ಗುಂಡಿ ತಿರುಗಿಸಿ ಸದ್ದು ಏರಿಸಿದರೋ, ಮುಗಿಯಿತು, ಪಿಸುಮಾತಿನ ಬೆನ್ನಿಗೇ ಮದುವೆ ಬ್ಯಾಂಡಿನ ಹಾಡು ಢಣಾರನೆ ಬಡಿದು ಮನೆಯ ಬೆಕ್ಕು ಸಹ ಓಡುತ್ತಿತ್ತು. ನಿನ್ನ ಡ್ಯಾಡಿ ಅದನ್ನು ಬೇಕೆಂದೇ ಅಲ್ಲಿ ಇಡುತ್ತಿದ್ದರು. ಕೇಳಬೇಕಾದರೆ ಗುಂಡಿ ಮುಟ್ಟಬಾರದು, ಕಿವಿಯನ್ನೇ ಸ್ಪೀಕರಿನ ಬಟ್ಟೆಗೆ ಒತ್ತಿ ಇಡಬೇಕು. ಮಧ್ಯಾಹ್ನ ಮಾಂಯ್ ಮಲಗಿದ ಮೇಲೆ ನಾನು ನೆಲದಲ್ಲಿ ಕುಳಿತು ಹಾಗೇ ಕೇಳುತ್ತಿದ್ದೆ, ಕೆನ್ನೆಯ ಮೇಲೆ ಆ ಬಟ್ಟೆಯ ಗೆರೆ ಮೂಡುವ ತನಕ. ಊರಿಗೆ ಮರಳಿದ ಮೇಲೆ ನಿನ್ನ ಡ್ಯಾಡಿ ಎಲ್ಲ ಗಂಡಸರ ಹಾಗೆ ಮನೆಯಲ್ಲಿ ಬೊಬ್ಬೆ ಹಾಕಿಕೊಂಡೇ ಇದ್ದರು. ಆ ದನಿಯಲ್ಲಿ ಮತ್ತೆ ಮಾತಾಡಲಿಲ್ಲ. ಅವರು ತೀರಿಕೊಂಡ ಮೇಲೆ ನನಗೆ ಉಳಿದದ್ದು ಅದೊಂದು. ಸದ್ದಿನ ಏರುಪೇರು ಎಂದು ನೀನು ತಟ್ಟಿ ಚಪ್ಪಟೆ ಮಾಡಿದ್ದು ನಿನ್ನ ಡ್ಯಾಡಿ ಹಾಕಿದ ಬೀಗ ಕಣೋ!

ಇನ್ನು ಮದುವೆಯ ಹಿಂದಿನ ದಿನ ಲೊರ್ನಾಳ ರೋಸ್. ನೆನೆಸಿದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಹುಡುಗಿಗೆ ತೆಂಗಿನ ಹಾಲು ಹಚ್ಚಿ ಆಗಿತ್ತು, ಹೆಂಗಸರು ವೊವಿಯೊ ಹಾಡಿ ಆಗಿತ್ತು, ಚಪ್ಪರದಡಿ ಜನ ಸಾನ್ನಾಂ, ಹಂದಿ ಮಾಂಸಕ್ಕೆ ಕೈ ಹಾಕಿದ್ದರು. ನೀನು ಜಂಬದಿಂದ ಮೈಕು ಹಿಡಿದು "ಇನ್ನು ನಮ್ಮ ಡ್ಯಾಡಿಯ ಹಾಡುಗಳು" ಎಂದು ಹೇಳಿ ಪೆನ್ ಡ್ರೈವನ್ನು ಅಲೆಕ್ಸನಿಗೆ ಕೊಟ್ಟೆ. ಎರಡು ಹಾಡು ಬಂತು, ಜನ ತಲೆದೂಗಿದರು. ಆಮೇಲೆ ಆಳೆತ್ತರದ ಎರಡು ಬಾಕ್ಸುಗಳಿಂದ, ಬ್ಯಾಂಡಿನಷ್ಟೇ ಜೋರಾಗಿ, ನನ್ನ ಹೆಸರು ಹಿಡಿದು ಕರೆಯುವ ನನ್ನ ಗಂಡನ ಉಸಿರು. "ಬರ್ತಾ, ಕೇಳಿಸ್ತಾ ಉಂಟಾ? ಮಾಂಯ್ ಮಲಗಿದ್ದಾರಾ?" ಜನ ಗೊಳ್ಳೆಂದು ನಕ್ಕರು. ಗುರ್ಕಾರ್ ಕಜೆಟನ್ ಶಿಳ್ಳೆ ಹಾಕಿದರು, ಆ ವಯಸ್ಸಿನಲ್ಲಿ! ನೀನು ಬೇಕೆಂದೇ ಇಟ್ಟ ತಮಾಷೆ ಎಂದುಕೊಂಡರು. ಆಮೇಲೆ ನಗು ಒಂದೊಂದೇ ಮೇಜಿನಲ್ಲಿ ನಿಂತಿತು. "ಆಗ ಹೇಳಿದ್ದು ಎಲ್ಲ ಸುಳ್ಳು. ಸ್ಟೋರೂ ಇಲ್ಲ, ಎಸಿಯೂ ಇಲ್ಲ. ಬಿಸಿಲಲ್ಲಿ ಕಬ್ಬಿಣ ಕಟ್ಟುವ ಕೆಲಸ. ಕಬ್ಬಿಣ ಮುಟ್ಟಿ ಮುಟ್ಟಿ ಕೈ ಸುಟ್ಟು ಹೋಗಿದೆ, ಚಮಚ ಹಿಡಿಯಲಿಕ್ಕೆ ಆಗುವುದಿಲ್ಲ. ಮನೆಗೆ ಬರಬೇಕು ಅಂತ ಆಗ್ತದೆ ಬರ್ತಾ. ಮಾಂಯ್‌ಗೆ ಹೇಳಬೇಡ. ನಿನಗೆ ಮಾತ್ರ ಹೇಳುವುದು." ಅದರ ಬೆನ್ನಿಗೇ ಬ್ಯಾಂಡು. ಎದುರಿನ ಸಾಲಿನಲ್ಲಿ ಕುಳಿತ ಮಾಂಯ್, ಕಿವಿ ಹತ್ತಿರ ಹೋಗಿ ಕೂಗಿದರೂ ಅರ್ಧ ಕೇಳಿಸದ ಮಾಂಯ್, ಒಂದೊಂದು ಶಬ್ದವನ್ನೂ ಕೇಳಿಸಿಕೊಂಡರು. ನನ್ನ ಕಡೆಗೆ ತಿರುಗಿ ಎಲ್ಲರೆದುರು ಕೇಳಿದರು: "ನಿನಗೆ ಗೊತ್ತಿತ್ತಾ?"

ಗೊತ್ತಿತ್ತು. ಹೇಳಬೇಡ ಎಂದವರ ಮಾತನ್ನು ಅವರು ಇದ್ದಷ್ಟು ಕಾಲವೂ ಉಳಿಸಿದೆ, ಅವರು ಹೋದ ಮೇಲೂ ಉಳಿಸಿದೆ. "ನನ್ನ ಮಗ ಮಾನು ಎಸಿ ಸ್ಟೋರಿನಲ್ಲಿದ್ದ" ಎಂದು ಮಾಂಯ್ ಬಂದವರಿಗೆಲ್ಲ ಹೇಳುವಾಗ ಒಮ್ಮೆಯಾದರೂ ನನ್ನ ಮುಖದ ಗೆರೆ ಬದಲಾಗಲಿಲ್ಲ. "ನಿನ್ನ ರೇಷ್ಮೆ ಸೀರೆಯ ಆಸೆಗೆ ಅವನನ್ನು ಅಲ್ಲೇ ಕೂರಿಸಿದೆ" ಎಂದು ನನಗೆ ಹೇಳಿದಾಗಲೂ ನಾನು ಬಾಯಿ ಬಿಡಲಿಲ್ಲ. ಇಷ್ಟು ಜತನದಿಂದ ಕಾದದ್ದನ್ನು ನೀನು ಒಂದು ಗುಂಡಿ ಒತ್ತಿ ಬೀದಿಗೆ ಹಾಕಿದೆ. ಹಾಕಿದ ಮೇಲಾದರೂ ನಾಚಿಕೆ ಬೇಡವೇ? "ಎಷ್ಟು ಇಮೋಷನಲ್ ಆಗಿತ್ತು ಮಮ್ಮಿ, ಎಲ್ಲರೂ ಅತ್ತರು" ಅಂತೆ! ಯಾರೋ ಪುಣ್ಯಾತ್ಮ ಅದನ್ನು ವಿಡಿಯೋ ಮಾಡಿ ವಾಡೆಯ ವಾಟ್ಸಾಪ್ ಗುಂಪಿಗೆ ಬಿಟ್ಟಿದ್ದಾನೆ. ಮೀನಿನ ಅಂಗಡಿಯಲ್ಲಿ ಬಂಗುಡೆ ಆರಿಸುತ್ತಿದ್ದರೆ ಪಕ್ಕದವಳು "ಟೀಚರ್, ನಿಮ್ಮವರ ವಾಯ್ಸ್ ಎಷ್ಟು ಕ್ಲಿಯರ್ ಉಂಟಲ್ಲ" ಎನ್ನುತ್ತಾಳೆ. ಆ ಕ್ಲಿಯರ್ ಎನ್ನುವ ಶಬ್ದ ಕೇಳಿದರೆ ನನಗೆ ಮೈ ಉರಿಯುತ್ತದೆ. "ಅಷ್ಟು ಜೋರು ಬೇಡವಾದರೆ ನೀವೇ ವಾಲ್ಯೂಮ್ ಕಡಿಮೆ ಮಾಡಿ ಕೇಳಿ" ಎಂದೆಯಲ್ಲ ನೀನು, ಅದನ್ನೂ ಮಾಡಿ ನೋಡಿದೆ ದೊಡ್ಡ ಮನುಷ್ಯ. ಒಂದೊಂದು ಮಾತಿನ ಒಳಗಿನ ಏರಿಳಿತವನ್ನೂ ನಿನ್ನ ಪ್ರೋಗ್ರಾಂ ಒರೆಸಿ ಹಾಕಿದೆ. "ಬರ್ತಾ" ಎನ್ನುವಾಗ ಅವರ ದನಿ ಇಳಿದು ಇಳಿದು ಕೊನೆಗೆ ಉಸಿರಷ್ಟೇ ಉಳಿಯುತ್ತಿತ್ತು. ಈಗ ಬಸ್ಸಿನ ಕಂಡಕ್ಟರ್ ಊರಿನ ಹೆಸರು ಕರೆದ ಹಾಗೆ ಕೇಳುತ್ತದೆ.

ಇದೆಲ್ಲ ನನ್ನ ಸಂಕಟ, ನಾನು ನುಂಗಿಕೊಳ್ಳುತ್ತೇನೆ. ಮಾಂಯ್‌ನದ್ದನ್ನು ನುಂಗಿಕೊಳ್ಳಲು ನನ್ನಿಂದ ಆಗುವುದಿಲ್ಲ. ರೋಸ್ ಆದ ಮೇಲೆ ಎಷ್ಟೋ ದಿನ ಅವರು ನನ್ನ ಕೈಯಿಂದ ಒಂದು ಲೋಟ ನೀರು ತೆಗೆದುಕೊಳ್ಳಲಿಲ್ಲ. ಗಂಜಿ ಮೇಜಿನ ಮೇಲೆ ಇಟ್ಟು ನಾನು ಆಚೆ ಹೋದರೆ ಮಾತ್ರ ಉಣ್ಣುವುದು. ಆಮೇಲೆ ಒಂದು ದಿನ, ನಾನು ಅವರ ತಲೆ ಬಾಚುತ್ತಿದ್ದಾಗ, ಅತ್ತ ನೋಡಿಕೊಂಡೇ ಕೇಳಿದರು: "ಅವನ ಕೈ ಆಮೇಲೆ ಗುಣ ಆಯ್ತಾ?" ಅಷ್ಟೇ. ನಿನ್ನ ಡ್ಯಾಡಿ ಆ ಕೈಯಲ್ಲೇ ಈ ಮನೆ ಕಟ್ಟಿಸಿದ್ದು, ಆ ಕೈಯಲ್ಲೇ ಮಾಂಯ್‌ಗೆ ಔಷಧ ಕುಡಿಸಿದ್ದು, ಆ ಕೈಯನ್ನು ಪೆಟ್ಟಿಗೆಯೊಳಗೆ ಜಪಮಾಲೆ ಸುತ್ತಿ ಮಡಚಿದ್ದು. ಎಲ್ಲ ಕಣ್ಣಾರೆ ಕಂಡವರು ಕೇಳುತ್ತಾರೆ, ಗುಣ ಆಯ್ತಾ ಎಂದು. "ಆಯ್ತು ಮಾಂಯ್, ಮುಂದಿನ ಕ್ಯಾಸೆಟ್ಟಿನಲ್ಲೇ ಹೇಳಿದ್ದರು" ಎಂದೆ. ಅವರು ನನ್ನ ಕೈಯಿಂದ ಬಾಚಣಿಗೆ ತೆಗೆದುಕೊಂಡರು. "ನೀನು ಅವನ ಸುಳ್ಳಿಗೆ ಇಷ್ಟು ವರ್ಷ ಕಾವಲು ಕೂತವಳು. ನಿನ್ನ ಮಾತು ನಾನು ಹೇಗೆ ನಂಬುವುದು? ಅವನ ಬಾಯಿಂದ ಕೇಳಬೇಕು" ಎಂದರು.

ಕೇಳಿಸೋಣವೆಂದು ಪೆನ್ ಡ್ರೈವಿನಲ್ಲಿ ಹುಡುಕಿದೆ. ಆ ಕ್ಯಾಸೆಟ್ಟಿನ ಹಾಡುಗಳೆಲ್ಲ ಉಂಟು, ಆ ಮಾತಿಲ್ಲ. ನಿನಗೆ ಫೋನು ಮಾಡಿ ಕೇಳಿದರೆ ಎಂತ ಹೇಳಿದೆ? ಹಾಡು ಹಾಡಾಗಿ ತುಂಡು ಮಾಡುವಾಗ, ಒಂದು ಮಟ್ಟಕ್ಕಿಂತ ಕೆಳಗಿನ ಸದ್ದನ್ನೆಲ್ಲ ಖಾಲಿ ಟೇಪು ಎಂದು ಪ್ರೋಗ್ರಾಂ ತಾನೇ ಕತ್ತರಿಸಿ ಬಿಸಾಡುತ್ತದಂತೆ. ಆ ದಿನ ನಿನ್ನ ಡ್ಯಾಡಿ ಬಹಳ ಮೆತ್ತಗೆ ಮಾತಾಡಿದ್ದರು, ಪಕ್ಕದಲ್ಲಿ ಯಾರೋ ಎಚ್ಚರವಿದ್ದಿರಬೇಕು. "ಕೈ ಗುಣ ಆಯ್ತು ಬರ್ತಾ, ಇವತ್ತು ನಾನೇ ಅನ್ನ ಕಲಸಿ ಊಟ ಮಾಡಿದೆ." ನನಗೆ ಅಕ್ಷರ ಅಕ್ಷರ ಬಾಯಿಪಾಠ. ಬೀದಿಗೆ ಬರಬಾರದ ಮಾತನ್ನು ನಿನ್ನ ಯಂತ್ರ ಡಂಗುರ ಸಾರಿತು, ತೊಂಬತ್ತು ಮುಟ್ಟುತ್ತಿರುವ ತಾಯಿ ಕೇಳಬೇಕಾದ ಒಂದೇ ಒಂದು ಮಾತನ್ನು ಕಸವೆಂದು ಗುಡಿಸಿ ಎಸೆಯಿತು. ನೀನು ಎಂಜಿನಿಯರ್ ಎಂದು ನಾನು ಯಾರ ಎದುರು ಹೇಳಲಿ!

ಆ ದಿನವೇ ನೀನು ಇನ್ನೊಂದು ಮಾತು ಹೇಳಿದೆ. ಕತ್ತರಿಸುವ ಮೊದಲು ಟೇಪಿನಿಂದ ಇಡಿ ಇಡಿಯಾಗಿ ಇಳಿಸಿದ್ದು ನಿನ್ನ ಲ್ಯಾಪ್‌ಟಾಪಿನಲ್ಲಿ ಇನ್ನೂ ಇದ್ದೀತು, ಆದರೆ ಅದು ಕಂಪನಿಯದ್ದು, ತಿಂಗಳ ಕೊನೆಗೆ ಎಲ್ಲ ಅಳಿಸಿ ವಾಪಸು ಕೊಡಬೇಕು ಎಂದೆ. ಅಳಿಸಿದರೆ ನೋಡು! ಈ ಕಾಗದ ಓದಿದ ಕೂಡಲೇ, ಕಾಲಿನ ಬೂಟು ಸಹ ಬಿಚ್ಚದೆ, ಮೊದಲು ಅದನ್ನು ಇನ್ನೊಂದಕ್ಕೆ ಇಳಿಸಿಕೋ. ಅದನ್ನು ಏರಿಸಬೇಡ, ಇಳಿಸಬೇಡ, ತೊಳೆಯಬೇಡ, ಒರೆಸಬೇಡ. ಸುಂಯ್ ಎನ್ನುವುದು ಸುಂಯ್ ಎನ್ನಲಿ, ಬ್ಯಾಂಡು ಬಡಿಯಲಿ. ಊರಿಗೆ ಬರುವ ಯಾರ ಕೈಯಲ್ಲಾದರೂ ಕಳುಹಿಸು. ಮಾಂಯ್‌ಗೆ ಕೇಳುವಷ್ಟು ಸದ್ದು ಏರಿಸುವುದು ನನ್ನ ಕೆಲಸ. ಗುಂಡಿ ಎಲ್ಲಿ ಹಿಡಿಯಬೇಕು, ಬ್ಯಾಂಡು ಬರುವ ಮೊದಲು ಎಲ್ಲಿ ಬಿಡಬೇಕು ಎಂಬುದು ನನಗೆ ಗೊತ್ತುಂಟು. ಆ ಒಂದು ಮಾತನ್ನು ಅವರ ಕಿವಿಗೆ ಹಾಕದೆ ಅವರನ್ನು ಮಣ್ಣಿಗೆ ಕಳುಹಿಸಬೇಕಾಗಿ ಬಂದರೆ, ಜೋವಿನ್, ನಾನು ನಿನ್ನ ಜೊತೆ ಮಾತು ಬಿಡುತ್ತೇನೆ. ತಪಸ್ಸಿನ ಕಾಲವೆಂದೂ ನೋಡುವುದಿಲ್ಲ, ಈಸ್ಟರ್ ಎಂದೂ ನೋಡುವುದಿಲ್ಲ.

ಇನ್ನು ಬೈಯಲು ಕೈ ನೋಯುತ್ತದೆ. ಹಪ್ಪಳವನ್ನು ಒಮ್ಮೆ ಬಿಸಿಲಿಗೆ ಹಾಕಿ ಡಬ್ಬಿಯಲ್ಲಿ ತುಂಬಿಸಲು ವನೆಸ್ಸಾಳಿಗೆ ಹೇಳು, ಅವಳಿಗೆ ನನ್ನ ನೆನಪುಗಳು. ಮಗುವಿನ ಹಣೆಗೆ ನನ್ನ ಪರವಾಗಿ ಶಿಲುಬೆ ಗುರುತು ಹಾಕು. ಎಷ್ಟೇ ಸಿಟ್ಟಿದ್ದರೂ ರಾತ್ರಿಯ ತೇರ್ಸಿನ ಜಪದಲ್ಲಿ ನಿನ್ನ ಹೆಸರು ಬಿಟ್ಟಿಲ್ಲ, ಬಿಡುವುದೂ ಇಲ್ಲ. ದೇವರು ನಿನ್ನ ಮೇಲೆ ಕಣ್ಣಿಟ್ಟಿರಲಿ, ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ಇನ್ನೂ ಸಿಟ್ಟಿನಲ್ಲಿರುವ ನಿನ್ನ ಮಮ್ಮಿ,
ಬರ್ತಾ

ತಾ. ಕ.: ಡೆನ್ವರ್ ಬಂದಿದ್ದಾನೆ, ಅಂಗಳದಲ್ಲಿ ಬೈಕಿನ ಎಂಜಿನ್ ಆರಿಸದೆಯೇ ಅವಸರ ಮಾಡುತ್ತಿದ್ದಾನೆ, ಬೇಗ ಬರೆಯುತ್ತೇನೆ. ಹಪ್ಪಳದ ಕಟ್ಟು ಕೊಡುವಾಗ ಸುಮ್ಮನೆ ಕೇಳಿದೆ, ಕೆಲಸದಲ್ಲಿರುವವನ ಹತ್ತಿರ ಯಾವ ಕಂಪನಿ ಲ್ಯಾಪ್‌ಟಾಪ್ ವಾಪಸು ಕೇಳುತ್ತದೆ ಮಾರಾಯ ಎಂದು. ಬಾಯಿ ಮುಚ್ಚದ ಹುಡುಗ, ಬಗ್ಗಿ ಚಪ್ಪಲಿ ಸರಿ ಮಾಡಿಕೊಂಡ. "ಆಂಟಿ, ಅವನೇ ಹೇಳ್ತಾನೆ" ಎಂದ. ಮಗುವಿಗೆ ಮಣಿಪಾಲದ ಶಾಲೆ ಯಾಕೆಂದು ನನಗೆ ಆಗ ತಿಳಿಯಿತು. ಕೆಲಸ ಹೋಯಿತಾ ಪುತಾ? ಫಸ್ಟ್ ಕ್ಲಾಸ್ ಎನ್ನಬೇಡ. ಎಸಿ ಸ್ಟೋರಿನ ಸ್ಟೋರ್ ಕೀಪರನ ಹೆಂಡತಿ ನಾನು, ಆ ದನಿ ನನಗೆ ಗೊತ್ತುಂಟು. ಮಧ್ಯಾಹ್ನ ಮಾಂಯ್ ಮಲಗಿರುತ್ತಾರೆ, ನಾನೊಬ್ಬಳೇ ಇರುತ್ತೇನೆ. ಸ್ಪೀಕರ್ ತೆಗೆದು ಫೋನು ಕಿವಿಗೆ ಹಿಡಿ. ಎಷ್ಟು ಮೆತ್ತಗೆ ಬೇಕಾದರೂ ಹೇಳು, ನನ್ನ ಕಿವಿಗೆ ಅಭ್ಯಾಸ ಉಂಟು.